ಖಾಲಿ ಕಣಿವೆ

ದಿನಗೂಲಿಗೆ ಕಲ್ಲು ಹೊರಲು ಮೇಲುಸಾಲಿನ ಹೆಂಗಸರು ಬೆಳಿಗ್ಗೆ ಚರ್ಚಿನ ಹಿಂದೆ ಸೇರಬೇಕು. ಹೆಗಲಿಗೆ ಹಾಕಿಕೊಳ್ಳುವ ಗೋಣಿಯನ್ನು ಅವರೇ ತರಬೇಕು. ಬಾಯಿ ಮುಚ್ಚಿಕೊಂಡು ಕೆಲಸ ಮಾಡಬೇಕು. ಅಡೋನಿಸ್ ಮೇಷ್ಟ್ರು ಹೀಗೆ ಹೇಳಿಕಳಿಸಿದ್ದರು.

ಡೋರ್ಕಾಸ್ ಗೋಣಿ ತಂದಳು. ಬಿಳಿ ರೈತರ ಸೇಬಿನ ತೋಟಗಳಲ್ಲಿ ಕೊಯ್ಲು ಮುಗಿದು ತಿಂಗಳುಗಳಾಗಿದ್ದವು. ಮನೆಯಲ್ಲಿ ಹಿಟ್ಟಿನ ಡಬ್ಬ ತಳ ಕಂಡಿತ್ತು. ಗಂಡ ಇಸಾಕ್ ಚರ್ಚಿನ ಬ್ಯಾಂಡಿನಲ್ಲಿ ದೊಡ್ಡ ಹಿತ್ತಾಳೆ ಕೊಂಬು ಊದುತ್ತಿದ್ದ. ಊದಿದ್ದಕ್ಕೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ಅತ್ತೆ ಫಿಲಿಡಾ ಹಾಸಿಗೆ ಹಿಡಿದಿದ್ದಳು.

ಫ್ರೀಡಬ್ರಾನ್ ಊರಿಗೆ ಇನ್ನೂರು ವರ್ಷ ತುಂಬಿತೆಂದು ಜುಬಿಲಿ. ಜರ್ಮನಿಯಿಂದ ಬಿಷಪ್ ಬರುವವರಿದ್ದರು. ಕೇಪ್‌ಟೌನಿನಿಂದ ಟಿವಿಯವರು ಬರುವವರಿದ್ದರು. ಚರ್ಚಿನ ಮುಂದೆ, ಓಕ್ ಮರಗಳ ನಡುವೆ, ಒಂದು ಕಂಬ ಏಳುತ್ತಿತ್ತು. ಕಂಬಕ್ಕೆ ಕೂರಿಸುವ ಕಪ್ಪುಕಲ್ಲಿನ ಹಲಗೆ ಪಟ್ಟಣದಲ್ಲಿ ಕೆತ್ತಿಸಿಕೊಂಡು ಆಗಲೇ ಬಂದು ಪಾದ್ರಿಮನೆಯ ಜಗಲಿಯಲ್ಲಿ ಗೋಡೆಗೆ ಒರಗಿತ್ತು. ಅದರ ಮೇಲೆ ಹೀಗಿತ್ತು: ‘ಜನರಿಲ್ಲದ ಈ ಖಾಲಿ ಕಣಿವೆಯಲ್ಲಿ ೧೮೦೯ರಲ್ಲಿ ದೇವರ ಸೇವಕರು ಈ ಊರನ್ನು ಕಟ್ಟಿದರು.’

ಊರು ಒಂದೇ ಆದರೂ ಎರಡು. ನೀರುಗಾಲುವೆಯ ಕೆಳಗೆ ಸುಣ್ಣ ಬಳಿದ, ಹುಲ್ಲು ಹೊದಿಸಿದ ಮನೆಗಳ ಕೆಳಬೀದಿ. ಕಾಲುವೆಯ ಮೇಲೆ, ಗುಡ್ಡದ ಇಳಿಜಾರಿನಲ್ಲಿ, ತಗಡಿನ ಮನೆಗಳ ಮೇಲುಸಾಲು. ಮೈಬಣ್ಣ ಒಂದೇ, ಮಾತು ಒಂದೇ, ಹಾಡುವ ಕೀರ್ತನೆಗಳೂ ಒಂದೇ. ಆದರೂ ಕೆಳಬೀದಿಯವರು ಮಿಷನ್ನಿನವರು. ಮೇಲಿನವರು ಗುಡ್ಡದವರು. ಗುಡ್ಡದವರು ಚರ್ಚಿನಲ್ಲಿ ಕೊನೆಯ ಬೆಂಚುಗಳಲ್ಲಿ ಕೂರುತ್ತಿದ್ದರು. ಕೂರಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ.

ನೆಲವೆಲ್ಲ ಚರ್ಚಿನ ಹೆಸರಿನಲ್ಲಿತ್ತು. ಜುಬಿಲಿ ಮುಗಿದ ಮೇಲೆ ಸರ್ಕಾರದವರು ಬಂದು ಅದನ್ನು ಹಂಚುವವರಿದ್ದರು. ಊರು ಕಟ್ಟಿದವರ ಮನೆತನಕ್ಕೆ ಹಕ್ಕು. ಆಮೇಲೆ ಬಂದು ಸೇರಿಕೊಂಡವರಿಗೆ ಚರ್ಚು ದಯೆಯಿಟ್ಟು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಣಿವೆ ಖಾಲಿಯಿತ್ತು ಎಂದಾದರೆ ಗುಡ್ಡದವರು ಆಮೇಲೆ ಬಂದವರೇ. ಕಲ್ಲಿನ ಮೇಲೆ ಕೆತ್ತಿದ ಆ ಒಂದು ಪದದ ಮೇಲೆ ಮೇಲುಸಾಲಿನ ಅಷ್ಟೂ ಒಲೆಗಳು ನಿಂತಿದ್ದವು.

ಊರು ಹುಟ್ಟಿದ ಇಸವಿ ಯಾವುದೆಂಬ ಜಗಳ ಕಲ್ಲು ಕೆತ್ತಿಸುವ ಮೊದಲೇ ಚರ್ಚಿನ ಸಭಾಂಗಣದಲ್ಲಿ ನಡೆದಿತ್ತು. ಆ ದಿನ ಡೋರ್ಕಾಸ್ ಚಹಾ ಹಂಚಲು ನಿಂತಿದ್ದಳು.

ಮ್ಯೂಸಿಯಂ ನೋಡಿಕೊಳ್ಳುವ ಊಮ್ ಕ್ರಿಸ್ಚಾನ್, ಊರಿಗೆಲ್ಲ ದೊಡ್ಡಪ್ಪ, ಎದ್ದು ನಿಂತು, ಊರು ಹುಟ್ಟಿದ್ದು ೧೭೭೪ರಲ್ಲಿ ಎಂದು ಮೇಜು ಗುದ್ದಿದ್ದ. “ಮೊದಲ್ನೇ ಪಾದ್ರಿ ಒಬ್ನೇ ಬಂದ. ಪೇರು ಮರ ನೆಟ್ಟ. ಗುಡಿಸ್ಲು ಹಾಕ್ದ. ಬಿಳಿ ರೈತ್ರು ಅವನ್ನ ಓಡಿಸಿದ್ರು. ಅವನ ಲೆಕ್ಕ ಯಾಕೆ ಬಿಡ್ತೀರಿ?”

“ಮೂರು ವರ್ಷ ಇದ್ದು ಕಾಲಿಗೆ ಬುದ್ಧಿ ಹೇಳಿದೋನು ಊರು ಕಟ್ಟಿದ ಹಾಗಾಯ್ತೇ?” ಎಂದರು ಅಡೋನಿಸ್ ಮೇಷ್ಟ್ರು. ಅವರು ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಊರೆಲ್ಲ ಇನ್ನೂ ಅವರ ತರಗತಿಯೇ. ಈಗ ಜುಬಿಲಿ ಸಮಿತಿಗೂ ಚರ್ಚಿನ ಹಿರಿಯರ ಮಂಡಳಿಗೂ ಅವರೇ ಅಧ್ಯಕ್ಷರು. “೧೮೦೯ರಲ್ಲಿ ಬಂದೋರು ಗಂಟೆ ಕಟ್ಟಿದ್ರು. ಗಂಟೆ ಇಲ್ದಿದ್ರೆ ಅದು ಊರೇ ಅಲ್ಲ.”

ಅರ್ಧ ಸಭೆ ಆ ಕಡೆ, ಅರ್ಧ ಸಭೆ ಈ ಕಡೆ. ಒಬ್ಬರ ಪಾದ್ರಿಯನ್ನು ಇನ್ನೊಬ್ಬರು ಹೇಡಿ ಎಂದರು, ಇವರ ಪಾದ್ರಿಯನ್ನು ಅವರು ಕಳ್ಳ ಎಂದರು. ಚಹಾ ಆರುತ್ತಿತ್ತು. ಡೋರ್ಕಾಸಳ ಬಾಯಿಂದ ಮಾತು ಹೊರಬಿದ್ದೇಬಿಟ್ಟಿತು.

“ಮೊದಲ್ನೇ ಪಾದ್ರಿ ಬಂದಾಗ ಅವನಿಗೆ ಹಾಲು ಕೊಟ್ಟೋರು ಯಾರು ಮೇಷ್ಟ್ರೇ?”

“ಹಸು ಕೊಟ್ಟಿರ್ಬೇಕು!” ಎಂದು ಹಿಂದಿನಿಂದ ಯಾರೋ ಕೂಗಿದರು. ಎರಡು ಪಕ್ಷದವರೂ ಒಟ್ಟಿಗೆ ನಕ್ಕರು. ಆ ದಿನ ಅವರು ಒಂದಾದದ್ದು ಆ ನಗುವಿನಲ್ಲಿ ಮಾತ್ರ.

“ಇಲ್ಲಿ ನಮ್ಮ ಹಿರೀಕರ ನಾಯಕ ಕಪ್ಪಿತಾನ್ ಖಾಂಬಿಯ ಹಟ್ಟಿ ಇತ್ತು,” ಎಂದಳು ಡೋರ್ಕಾಸ್. ಅವಳ ಕಿವಿ ಸುಡುತ್ತಿತ್ತು. “ಈ ಕಣಿವೇನ ಕೇಕಾಮಾ ಅಂತ ಕರೀತಿದ್ರು. ದೊಡ್ಡ ನೀರು ಅಂತ. ನಮ್ಮತ್ತೆ ಹೇಳ್ತಾರೆ.”

“ಹಟ್ಟಿ ಅಂದ್ರೆ ಊರಲ್ಲ ಕಣಮ್ಮ,” ಎಂದರು ಮೇಷ್ಟ್ರು, ದಡ್ಡ ಹುಡುಗಿಗೆ ಪಾಠ ಹೇಳುವ ದನಿಯಲ್ಲಿ. “ಮೇವು ಇರೋವರ್ಗೂ ಇದ್ದು ಎದ್ದು ಹೋಗೋರು ಅವರು. ನಾಯಿ ಮಲಗಿದ ಜಾಗಾನೆಲ್ಲ ಊರು ಅನ್ನೋಕಾಗತ್ತಾ? ಸಕ್ಕರೆ ಈ ಕಡೆ ಬಂದಿಲ್ಲ, ನೋಡು.”

ಪಾದ್ರಿ ಥೀಸ್ ಇನ್ನೂ ಎಳೆಯ ವಯಸ್ಸಿನವರು. ಸಕ್ಕರೆ ಡಬ್ಬಿಯನ್ನು ಮೇಷ್ಟ್ರ ಕಡೆ ತಾವೇ ಸರಿಸಿದರು.

ಆಮೇಲೆ ಕೈ ಎತ್ತಿಸಿದರು. ಡೋರ್ಕಾಸಳ ಎರಡೂ ಕೈಯಲ್ಲಿ ಟ್ರೇ ಇತ್ತು. ೧೮೦೯ ಗೆದ್ದಿತು.

ಈಗ ಆ ೧೮೦೯ಕ್ಕೆ ಬುಡ ಕಟ್ಟಲು ಕಲ್ಲು. ಮೊದಲು ಹೊಳೆಯಿಂದ ಹೊತ್ತರು. ಬಗ್ಗಿ, ಕಲ್ಲನ್ನು ತೊಡೆಗೆ ಏರಿಸಿ, ತೊಡೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಹೆಗಲಿಗೆ. ಗೋಣಿ ಜಾರುತ್ತದೆ. ಕಲ್ಲಿನ ಅಂಚು ಮೂಳೆಗೆ ಕೂರುತ್ತದೆ. ಕತ್ತು ಒಂದು ಕಡೆ ವಾಲಿಸಿ ನಡೆಯಬೇಕು. ನಿಂತರೆ ಮತ್ತೆ ಎತ್ತಲಾಗುವುದಿಲ್ಲ, ಹಾಗಾಗಿ ನಿಲ್ಲುವಂತಿಲ್ಲ. ಡೋರ್ಕಾಸ್‌ಗೆ ಐವತ್ತು ದಾಟಿತ್ತು. ಬಲಭುಜದ ಸಿಪ್ಪೆ ಎದ್ದಿತು. ಅಂಗಿ ಅಂಟಿಕೊಂಡಿತು. ಬಿಚ್ಚುವಾಗ ಚರ್ಮವೂ ಬಂತು.

ಅವಳ ಪಕ್ಕದ ಮನೆಯ ಲೀಯಾ ಚಿಕ್ಕವಳು, ಮೂರು ಮಕ್ಕಳ ತಾಯಿ. ಡೋರ್ಕಾಸಳನ್ನು ತಾಂತ್, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. “ತಾಂತ್ ಡೋರ್ಕಾಸ್, ನನ್ನ ಮೂರನೇದನ್ನ ಹೆರೋದು ಇದಕ್ಕಿಂತ ಸುಲಭ ಇತ್ತು,” ಎಂದು ಅವಳು ನಕ್ಕಳು. ಮರುಕ್ಷಣ ಅತ್ತಳು. ಮತ್ತೆ ಹೊತ್ತಳು.

ಹೊಳೆಯ ಕಲ್ಲು ಮೇಷ್ಟ್ರಿಗೆ ಹಿಡಿಸಲಿಲ್ಲ. ನುಣ್ಣಗಿವೆ, ಜೋಡಿಸಿದರೆ ಜಾರುತ್ತವೆ ಎಂದರು. ಗುಡ್ಡದ ಮೇಲೆ ರಾಶಿ ರಾಶಿ ಬಿದ್ದಿವೆ, ನಾಳೆಯಿಂದ ಅಲ್ಲಿಂದ ತನ್ನಿ ಎಂದರು. ಮರುದಿನ ಡೋರ್ಕಾಸ್‌ಗೆ ಭುಜ ಏಳಲಿಲ್ಲವೆಂದು ಕೆಳಗೆ, ಕಂಬದ ಬುಡದಲ್ಲಿ, ಬಂದ ಕಲ್ಲು ಇಳಿಸಿಕೊಳ್ಳಲು ನಿಲ್ಲಿಸಿದರು. ಮೊದಲ ಕಲ್ಲು ಲೀಯಾಳ ಹೆಗಲಿನಿಂದ ಅವಳ ಕೈಗೆ ಬಂತು. ಕಿತ್ತಳೆ ಬಣ್ಣದ ಪಾಚಿ ಕಟ್ಟಿದ ಕಲ್ಲು.

“ಇದು ಎಲ್ಲಿಂದ ತಂದೆ?”

“ಮೇಲೆ. ರಾಶಿಯಿಂದ.”

“ಯಾವ ರಾಶಿ?”

ಲೀಯಾ ಕಣ್ಣು ತಪ್ಪಿಸಿದಳು. “ಇರೋದು ಅವೇ ರಾಶಿ ಅಲ್ವಾ ತಾಂತ್.”

ಡೋರ್ಕಾಸ್ ಕಲ್ಲನ್ನು ಎದೆಗೆ ಹಿಡಿದುಕೊಂಡೇ ನಿಂತಳು. ಗುಡ್ಡದ ನೆತ್ತಿಯಲ್ಲಿ ಆ ರಾಶಿಗಳು ಹಳೆಯ ಕಾಲದಿಂದ ಇದ್ದವು. ಹಟ್ಟಿಯ ಸತ್ತವರು ಅವುಗಳ ಕೆಳಗೆ ಮಲಗಿದ್ದರು. ಆ ದಾರಿಯಲ್ಲಿ ಹೋಗುವ ಮೇಲುಸಾಲಿನವರು ಒಂದೊಂದು ಕಲ್ಲು ಹೆಕ್ಕಿ ರಾಶಿಯ ಮೇಲೆ ಇಟ್ಟು ಹೋಗುತ್ತಿದ್ದರು. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ತಾಯಿ ಇಡುತ್ತಿದ್ದಳು, ಹಾಗಾಗಿ ಮಗಳು ಇಡುತ್ತಿದ್ದಳು. ಡೋರ್ಕಾಸ್ ಮದುವೆಯಾಗಿ ಬಂದ ವಾರದಲ್ಲೇ ಫಿಲಿಡಾ ಅವಳ ಕೈಗೆ ಕಲ್ಲು ಕೊಟ್ಟು, “ಇಡು. ಇವರಿಗೂ ನೀನು ಸೊಸೆ,” ಎಂದಿದ್ದಳು.

ಆ ದಿನದ ಕೂಲಿಯಲ್ಲಿ ಬ್ರೆಡ್ಡು ಬಂತು. ಡೋರ್ಕಾಸ್ ಅದನ್ನು ಹಾಲಿನಲ್ಲಿ ನೆನೆಸಿ ಅತ್ತೆಯ ಬಾಯಿಗೆ ಹಿಡಿದಳು. ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು.

“ಏನಾಯ್ತೇ?” ಎಂದಳು ಫಿಲಿಡಾ.

ಡೋರ್ಕಾಸ್ ಹೇಳಿದಳು. ಮುಚ್ಚಿಡಲಿಲ್ಲ.

ಮುದುಕಿ ಬಾಯೊಳಗಿದ್ದ ತುತ್ತನ್ನು ನಾಲಗೆಯಿಂದ ಹೊರಗೆ ನೂಕಿದಳು. ಗದ್ದದ ಮೇಲೆ ಹಾಲು ಇಳಿಯಿತು. “ಇದನ್ನ ನಾಯಿಗೆ ಹಾಕು. ನಾಯಿನೂ ತಿನ್ನಲ್ಲ.”

ಉಸಿರು ಹುಡುಕಿಕೊಂಡು ಮತ್ತೆ ಮಾತಾಡಿದಳು. ಅವಳು ಹುಡುಗಿಯಾಗಿದ್ದಾಗ ಚರ್ಚಿಗೆ ಸೇರಿಸಿಕೊಳ್ಳುವ ಮೊದಲು ಪ್ರಶ್ನೆ ಕೇಳುತ್ತಿದ್ದರು. ಈ ಊರನ್ನು ಯಾರು ಕಟ್ಟಿದರು ಎಂದು ಆಗಿನ ಬಿಳಿ ಪಾದ್ರಿ ಕೇಳಿದ. ನಮ್ಮಜ್ಜಿಯ ಕಡೆಯವರು ಎಂದಳು ಇವಳು. ಒಂದು ವರ್ಷ ಪೂರ್ತಿ ಪ್ರತಿ ಭಾನುವಾರ ಅವಳನ್ನು ಚರ್ಚಿನ ಹೊಸ್ತಿಲ ಹೊರಗೆ ನಿಲ್ಲಿಸಿದರು. ಒಳಗೆ ಹೋಗುವವರೆಲ್ಲ ಅವಳನ್ನು ಸರಿಸಿಕೊಂಡು ಹೋಗುತ್ತಿದ್ದರು. ಅವಳಪ್ಪನೂ ಹಾಗೇ ಹೋಗುತ್ತಿದ್ದ. ಕೊನೆಗೆ ಅವಳು ೧೮೦೯ ಎಂದಳು. ಒಳಗೆ ಬಿಟ್ಟರು.

“ಸೋತುಬಿಟ್ಟೆ ಕಣೇ,” ಎಂದಳು ಫಿಲಿಡಾ. “ಕಾಲು ನೋಯ್ತಿತ್ತು. ಅಷ್ಟೇ. ಕಾಲು ನೋಯ್ತಿತ್ತು.” ಆಮೇಲೆ ಸೊಸೆಯ ಮಣಿಕಟ್ಟು ಹಿಡಿದಳು. “ಆ ಅಡೋನಿಸ್‌ನ ವಂಶದ ಮೊದಲಜ್ಜಿನೂ ಮೇಲೇ ಮಲಗಿರೋದು. ಅವನ ಮನೇಲಿ ಯಾರೂ ಹೇಳಲ್ಲ. ನಮ್ಮವ್ವ ಹೇಳ್ತಿದ್ಲು.”

ಬೆಳಿಗ್ಗೆ ಡೋರ್ಕಾಸ್ ಗೋಣಿ ಇಲ್ಲದೆ ಗುಡ್ಡ ಹತ್ತಿದಳು. ದೊಡ್ಡ ರಾಶಿಯ ಮೇಲೆ ಹೋಗಿ ಕೂತಳು. ಕಾಲು ಚಾಚಿ, ಅಂಗಳದಲ್ಲಿ ಕೂತ ಹಾಗೆ ಕೂತಳು. ಹೆಂಗಸರು ಬಂದು ನಿಂತರು.

“ಇವತ್ತಿಂದ ಮುಟ್ಟಬೇಡಿ,” ಎಂದಳು.

ಯಾರೂ ಮುಟ್ಟಲಿಲ್ಲ. ಯಾರೂ ಹೋಗಲೂ ಇಲ್ಲ. ಗಾಳಿ ಬೀಸುತ್ತಿತ್ತು. ಕೆಳಗಿನಿಂದ ಮೇಷ್ಟ್ರು ಕೋಲೂರಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದರು. ಟೈ ಹೆಗಲ ಮೇಲೆ ಹಾರಿ ಬಿದ್ದಿತ್ತು.

“ಇದೇನು ಪಿಕ್ನಿಕ್ಕಾ?”

“ಇದು ಗೋರಿ, ಮೇಷ್ಟ್ರೇ.”

“ಹಂಗಂತ ಎಲ್ಲಿ ಬರೆದಿದೆ?”

“ನೀವು ಬರೀಲಿಲ್ಲ ಅಂತ ಸತ್ತೋರು ಎದ್ದು ಹೋಗ್ತಾರಾ?”

“ಎದ್ದೇಳು. ಬುದ್ಧಿ ಇಲ್ಲದೋಳ ಹತ್ರ ನನಗೆ ಮಾತು ಬೇಡ.”

“ನಿಮ್ಮ ವಂಶದ ಮೊದಲಜ್ಜಿನೂ ಇಲ್ಲೇ ಮಲಗಿದಾಳೆ. ಅವಳ ಎದೆ ಮೇಲಿನ ಕಲ್ಲು ಕಿತ್ತು ಬಿಷಪ್ಪಿಗೆ ಮೆಟ್ಟಿಲು ಕಟ್ತಿದೀರಿ.”

ಮೇಷ್ಟ್ರ ಮುಖ ಬೂದಿಯಾಯಿತು. “ಬಾಯಿ! ನಮ್ಮದು ಜರ್ಮನ್ ಬಡಗಿ ವಂಶ. ಊರಿಗೆ ಮೊದಲ ಬಾಗಿಲು ಮಾಡಿದೋನು ನಮ್ಮ ಮೂಲಪುರುಷ.”

“ಸರಿ. ಆ ಬಡಗಿ ಮದುವೆ ಆಗಿದ್ದು ಯಾರ್ನ? ಮರಾನಾ?”

ಲೀಯಾಳ ಬಾಯಿಂದ ನಗು ಚಿಮ್ಮಿತು. ಹಿಂದೆಯೇ ಉಳಿದವರೂ ನಕ್ಕರು. ಅಷ್ಟು ವರ್ಷ ಪಾಠ ಹೇಳಿದ ಮೇಷ್ಟ್ರ ಎದುರಿಗೆ ಗುಡ್ಡದ ಹೆಂಗಸರು ಹಾಗೆ ನಕ್ಕದ್ದು ಅದೇ ಮೊದಲು. ಮೇಷ್ಟ್ರ ಕೋಲು ಎದ್ದು ಡೋರ್ಕಾಸಳ ಭುಜದ ಮೇಲೆ ಬಿತ್ತು. ಸಿಪ್ಪೆ ಎದ್ದಿದ್ದ ಅದೇ ಬಲಭುಜದ ಮೇಲೆ.

ಅವಳು ಕೂಗಲಿಲ್ಲ. ಏಳಲೂ ಇಲ್ಲ. ನಗು ನಿಂತಿತು.

“ನಿನ್ನತ್ತೆ ಇವತ್ತೋ ನಾಳೆಯೋ ಅಂತಿದಾಳೆ,” ಎಂದರು ಮೇಷ್ಟ್ರು, ಈಗ ಮೆಲ್ಲಗೆ. “ಚರ್ಚಿನ ಸ್ಮಶಾನದ ಬೀಗದ ಕೈ ನನ್ನ ಜೇಬಲ್ಲಿದೆ. ಎಲ್ಲಿ ಹೂಳ್ತೀಯೋ ಯೋಚ್ನೆ ಮಾಡು.” ಹೆಂಗಸರ ಕಡೆ ತಿರುಗಿದರು. “ಕೂಲಿ ಬೇಕಾದೋರು ಹೊರಿ. ಬೇಡದೋರ ಹೆಸರು ನನಗೆ ನೆನಪಿರತ್ತೆ.”

ಹೆಚ್ಚಿನವರು ಗೋಣಿ ಮಡಚಿಕೊಂಡು ಇಳಿದುಹೋದರು. ಲೀಯಾ ನಿಂತಳು. “ತಾಂತ್, ನನಗೆ ಮಕ್ಕಳಿದಾವೆ.”

“ಹೊರು,” ಎಂದಳು ಡೋರ್ಕಾಸ್. “ಬೆನ್ನು ನಿಂದು.”

ಲೀಯಾ ಪಕ್ಕದ ರಾಶಿಯಿಂದ ಒಂದು ಕಲ್ಲು ಎತ್ತಿಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಒಬ್ಬ ಬಿಳಿ ರೈತನ ಟ್ರಾಕ್ಟರ್ ತರಿಸಿದರು. ಹೊರಗಿನ ಆಳುಗಳು ಬಂದರು. ಡೋರ್ಕಾಸಳನ್ನು ಅವರು ಮುಟ್ಟಲಿಲ್ಲ. ಅವಳ ಸುತ್ತ ಇದ್ದ ರಾಶಿಗಳನ್ನೆಲ್ಲ ಅವಳ ಕಣ್ಣೆದುರೇ ಹಾರೆಯಿಂದ ಕೆದಕಿ ಟ್ರೈಲರಿಗೆ ಎಸೆದರು. ಸಂಜೆಗೆ ಅವಳು ಕೂತಿದ್ದ ರಾಶಿಯೊಂದೇ ಉಳಿದಿತ್ತು. ಸುತ್ತ ಹಸಿ ಮಣ್ಣಿನ ಗುಳಿಗಳು, ಹಲ್ಲು ಕಿತ್ತ ಬಾಯಿಯ ಹಾಗೆ.

ಫಿಲಿಡಾ ಗುರುವಾರ ಸತ್ತಳು. ಜುಬಿಲಿ ಶನಿವಾರವಿತ್ತು.

ಇಸಾಕ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಪಾದ್ರಿಮನೆಗೆ ಹೋದ. ಹಿಂದಿರುಗಿದಾಗ ಅವನ ಮುಖ ನೋಡಿಯೇ ಡೋರ್ಕಾಸ್‌ಗೆ ತಿಳಿಯಿತು.

“ಸೋಮವಾರ ಮಣ್ಣು ಮಾಡ್ಬೋದಂತೆ. ಜುಬಿಲಿ ವಾರದಲ್ಲಿ ಸಾವಿನ ಗಂಟೆ ಹೊಡೆಯೋ ಹಾಗಿಲ್ವಂತೆ. ಅಲ್ಲೀತನಕ ಪಟ್ಟಣದ ಆಸ್ಪತ್ರೆ ಶವಾಗಾರದಲ್ಲಿ ಇಡಬೇಕು.”

“ಆಮೇಲೆ?”

“ಆಮೇಲೆ... ನೀನು ಹಿರಿಯರ ಮುಂದೆ ತಪ್ಪಾಯ್ತು ಅನ್ಬೇಕು.” ಅವನು ಕುರ್ಚಿಯ ಅಂಚಿನಲ್ಲಿ ಕೂತ. “ಒಂದು ಮಾತು ಡೋರ್ಕಾಸ್. ಅಂದ್ಬಿಡು. ಅವ್ವ ಅಪ್ಪನ ಪಕ್ಕ ಮಲಗ್ತಾಳೆ.”

“ಸಾಯೋಕೆ ಮುಂಚೆ ನಿಮ್ಮವ್ವ ಏನಂದ್ರು ಗೊತ್ತಾ ನಿಂಗೆ? ನೀನು ಬ್ಯಾಂಡಿಗೆ ಹೋಗಿದ್ದೆ.” ಡೋರ್ಕಾಸ್ ಹೆಣದ ಕೂದಲು ಬಾಚುತ್ತಿದ್ದಳು. ಬಾಚುವುದನ್ನು ನಿಲ್ಲಿಸಲಿಲ್ಲ. “ಅವರ ಬಾಗಿಲಲ್ಲಿ ನಿಂತಿದ್ದು ಸಾಕು, ಸತ್ತ ಮೇಲೂ ನಿಲ್ಲಿಸ್ಬೇಡ ಅಂದ್ರು.”

“ಶನಿವಾರ ನಾನು ಬ್ಯಾಂಡಲ್ಲಿ ಇರ್ಲೇಬೇಕು. ಇಲ್ದಿದ್ರೆ ಮನೆ ಹೋಗತ್ತೆ. ಮೇಷ್ಟ್ರು ನೇರವಾಗೇ ಹೇಳಿದ್ರು.”

“ನೀನು ಊದು,” ಎಂದಳು ಡೋರ್ಕಾಸ್. “ನಾವು ಹೂಳ್ತೀವಿ.”

ಸೇಬು ತುಂಬುವ ಪೆಟ್ಟಿಗೆಗಳ ಹಲಗೆ ಕಿತ್ತು ವಿಲ್ಲೆಮ್ ಬೂಸಾಕ್ ಶವಪೆಟ್ಟಿಗೆ ಮಾಡಿದ. ಅವನು ಮೇಲುಸಾಲಿನ ಅತ್ಯಂತ ಹಿರಿಯ, ಒಂದು ಕಣ್ಣು ಮಂಜಾದವನು. ಮೊಳೆ ಹೊಡೆಯುವಾಗ ಎರಡು ಸಲ ಹೆಬ್ಬೆರಳು ಜಜ್ಜಿಕೊಂಡ. ಗಂಡಸರಲ್ಲಿ ಬಂದವನು ಅವನೊಬ್ಬನೇ. ಉಳಿದವರಿಗೆ ಮನೆಗಳಿದ್ದವು, ಹೆಸರುಗಳಿದ್ದವು, ಮೇಷ್ಟ್ರಿಗೆ ನೆನಪಿನ ಶಕ್ತಿ ಇತ್ತು. ಹೆಂಗಸರು ಬಂದರು. ಕಲ್ಲು ಹೊರದೆ ಇಳಿದುಹೋಗಿದ್ದವರೇ ಬಂದರು.

ಶುಕ್ರವಾರವಿಡೀ ಅಗೆದರು. ಗುಡ್ಡದ ನೆಲ ಒಂದು ಮೊಳಕ್ಕೆ ಬಂಡೆಯಾಗುತ್ತಿತ್ತು. ಗುದ್ದಲಿ ಬಿದ್ದರೆ ಕಿಡಿ ಏಳುತ್ತಿತ್ತು, ಮಣ್ಣು ಏಳುತ್ತಿರಲಿಲ್ಲ. ಡೋರ್ಕಾಸ್‌ಗೆ ಬಲಗೈ ಏಳುತ್ತಿರಲಿಲ್ಲ, ಎಡಗೈಯಲ್ಲಿ ಅಗೆದಳು. ಅಂಗೈ ಬೊಬ್ಬೆ ಒಡೆದು ಹಿಡಿಕೆ ಜಾರತೊಡಗಿದಾಗ ಲಂಗದ ಅಂಚು ಹರಿದು ಕಟ್ಟಿಕೊಂಡು ಮತ್ತೆ ಅಗೆದಳು.

ಶನಿವಾರ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದರು. ಹೆಂಗಸರೇ ಹೊತ್ತರು. ಮುದುಕಿ ಹಗುರವಾಗಿದ್ದಳು, ಹಲಗೆಗಳೇ ಭಾರ. ಅರ್ಧ ದಾರಿಗೆ ಬಂದಾಗ ಕೆಳಗೆ ಚರ್ಚಿನ ಗಂಟೆ ಹೊಡೆಯಿತು. ಹಿಂದೆಯೇ ಬ್ಯಾಂಡು ಶುರುವಾಯಿತು. ಓಕ್ ಮರಗಳ ಕೆಳಗೆ ಬಿಳಿ ಬಟ್ಟೆಯ ಮೇಜುಗಳು, ಕಾರುಗಳ ಸಾಲು, ಹೂ ಹಿಡಿದ ಶಾಲಾಮಕ್ಕಳು. ಕಹಳೆಗಳ ಕೆಳಗೆ, ಎಲ್ಲಕ್ಕಿಂತ ತಗ್ಗಿನಲ್ಲಿ, ಒಂದು ದೊಡ್ಡ ಕೊಂಬು ಹೂಂ, ಹೂಂ ಎನ್ನುತ್ತಿತ್ತು. ಆ ಸ್ವರ ಡೋರ್ಕಾಸ್‌ಗೆ ಗೊತ್ತು. ಮೂವತ್ತು ವರ್ಷ ಅವಳ ಅಡುಗೆಮನೆಯಲ್ಲಿ ಅದು ಅಭ್ಯಾಸ ಮಾಡಿತ್ತು. ಒಂದು ಸ್ವರವೂ ತಪ್ಪಲಿಲ್ಲ. ತನ್ನ ತಾಯಿಯನ್ನು ಇವರು ಹೂಳಲು ಹೊತ್ತೊಯ್ಯುವಾಗ ಅವನು ಒಂದು ಸ್ವರವನ್ನೂ ತಪ್ಪಿಸದೆ ಊದಿದ.

ಪಾದ್ರಿ ಇರಲಿಲ್ಲ. ವಿಲ್ಲೆಮ್ ಕರ್ತನ ಪ್ರಾರ್ಥನೆ ಹೇಳಿದ. ನಡುವೆ ಮರೆತ. ಹೆಂಗಸರು ನೆನಪಿಸಿದರು. ಮಣ್ಣು ಎಳೆದರು. ಮಣ್ಣಿನ ಮೇಲೆ ಕಲ್ಲು ಹೇರಬೇಕು, ಇಲ್ಲದಿದ್ದರೆ ನಾಯಿ ನರಿ ಬಿಡುವುದಿಲ್ಲ. ಕಲ್ಲು ಹುಡುಕಿದರು. ಉಳಿದಿದ್ದ ಒಂದು ರಾಶಿಯನ್ನು ಮುಟ್ಟುವಂತಿರಲಿಲ್ಲ. ಉಳಿದ ನೆಲವನ್ನು ಟ್ರಾಕ್ಟರ್ ಗುಡಿಸಿ ಹೋಗಿತ್ತು.

ಯಾರೂ ಏನೂ ಹೇಳಲಿಲ್ಲ. ಕಲ್ಲು ಎಲ್ಲಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಡೋರ್ಕಾಸ್ ಇಳಿಯತೊಡಗಿದಳು. ಉಳಿದವರು ಹಿಂದೆ ಇಳಿದರು.

ಬಿಷಪ್ ಮಾತಾಡುತ್ತಿದ್ದರು. ಪಾದ್ರಿ ಥೀಸ್ ಅದನ್ನು ಊರ ಮಾತಿಗೆ ತಿರುಗಿಸಿ ಹೇಳುತ್ತಿದ್ದರು. ಕಂಬದ ಮೇಲಿನ ಬಟ್ಟೆ ಆಗಲೇ ತೆಗೆದಾಗಿತ್ತು. ಕಪ್ಪುಕಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಬುಡದಲ್ಲಿ ಹಳೆಯ ಕಾಲದ್ದೆಂದು ಕಾಣಲಿ ಅಂತ ಸಿಮೆಂಟು ಹಾಕದೆ ಒಣಗಲ್ಲನ್ನೇ ಜೋಡಿಸಿದ್ದರು. ಮಣ್ಣು ಮೆತ್ತಿದ ಹೆಂಗಸರು ಕುರ್ಚಿಗಳ ನಡುವಿನಿಂದ ಬಂದಾಗ ಜನ ಕಾಲು ಹಿಂದಕ್ಕೆ ಎಳೆದುಕೊಂಡರು, ಬಟ್ಟೆ ಕೊಳೆಯಾದೀತೆಂದು.

ಡೋರ್ಕಾಸ್ ಬಗ್ಗಿದಳು. ಕಿತ್ತಳೆ ಪಾಚಿಯ ಒಂದು ಕಲ್ಲನ್ನು ಬುಡದಿಂದ ಅಲ್ಲಾಡಿಸಿ ಕಿತ್ತಳು.

ಬಿಷಪ್ ಮಾತು ನಿಲ್ಲಿಸಿದರು. ಏನು ನಡೆಯುತ್ತಿದೆಯೆಂದು ಕೇಳಿದರು. “ಯಾರೋ ಗುಡ್ಡದ ಹೆಂಗಸು, ತಲೆ ಸರಿ ಇಲ್ಲ,” ಎಂದು ಮೇಷ್ಟ್ರು ಎದ್ದು ಬಂದರು. ಟಿವಿಯವನ ಕ್ಯಾಮರಾ ತಿರುಗಿದ್ದರಿಂದ ಅವರ ಕೋಲು ಈ ಸಲ ಮೇಲೇಳಲಿಲ್ಲ.

ಪಾದ್ರಿ ಥೀಸ್ ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದರು. “ಡೋರ್ಕಾಸ್, ಇವತ್ತು ಬೇಡ.”

“ಮತ್ತೆ ಯಾವತ್ತು ಪಾದ್ರಿಗಳೇ? ನೀವೇ ದಿನ ಹೇಳಿ. ದಿನ ಇಡೋದೆಲ್ಲ ನೀವೇ ಅಲ್ವಾ.” ಅವಳು ದನಿ ತಗ್ಗಿಸಲಿಲ್ಲ. “ನಮ್ಮತ್ತೆ ಮೇಲೆ ಬರೀ ಮಣ್ಣಲ್ಲಿ ಮಲಗಿದಾರೆ. ಅವರ ಕಲ್ಲು ಇಲ್ಲಿದೆ. ತಗೊಂಡ್ಹೋಗ್ತಿದೀನಿ. ಕದ್ದಿದ್ದು ಅಂತ ಬರೀರಿ ಬೇಕಾದ್ರೆ, ಕಲ್ಲಿನ ಮೇ‌ಲೇ ಬರೀರಿ.”

ಅವಳು ಇನ್ನೊಂದು ಕಲ್ಲು ಎಳೆದಳು. ಎರಡು ಕಲ್ಲು ಅವಳಿಂದ ಹೊರಲಾಗುವುದಿಲ್ಲ. ಅದನ್ನು ಎತ್ತಿಕೊಂಡು ಬ್ಯಾಂಡಿನ ಮುಂದೆ ಹೋಗಿ ನಿಂತಳು. ಇಸಾಕ್ ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡು, ಕೊಂಬನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ನಿಮ್ಮವ್ವಂದು. ಹೊರು.”

ಇಸಾಕ್ ಕಲ್ಲು ನೋಡಿದ. ಮೇಷ್ಟ್ರನ್ನು ನೋಡಿದ. ಕೊಂಬಿನ ಮೇಲಿಂದ ಅವನ ಕೈ ಏಳಲಿಲ್ಲ.

ಡೋರ್ಕಾಸ್ ಆ ಕಲ್ಲನ್ನು ಅವನ ಹೊಳೆಯುವ ಬೂಟಿನ ಮುಂದೆ ಇಳಿಸಿದಳು. ಹಿಂದಿರುಗಿ ಮೊದಲನೆಯದನ್ನು ಹೆಗಲಿಗೇರಿಸಿಕೊಂಡಳು. ಉಳಿದ ಹೆಂಗಸರು ಒಂದೊಂದು ಎತ್ತಿಕೊಂಡರು. ಕುರ್ಚಿಗಳ ಕೊನೆಯ ಸಾಲಿನಿಂದ ಲೀಯಾ ಎದ್ದು ಬಂದಳು. ಜುಬಿಲಿಗೆಂದು ಹೊಲಿಸಿದ ನೀಲಿ ಫ್ರಾಕು ಹಾಕಿದ್ದಳು. ಯಾರ ಮುಖವನ್ನೂ ನೋಡದೆ ಇಸಾಕನ ಕಾಲ ಬಳಿಯ ಕಲ್ಲನ್ನು ಎತ್ತಿ, ಹೊಸ ಬಟ್ಟೆಯ ಹೆಗಲಿಗೆ ಹಾಕಿಕೊಂಡು ನಡೆದಳು.

ಅವರು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಅತಿಥಿಗಳ ಎದುರಿನಲ್ಲಿ ಹೆಂಗಸರನ್ನು ಹಿಡಿದೆಳೆಯುವುದು ಹೇಗೆಂದು ಸಮಿತಿಯವರು ಪಿಸುಪಿಸು ವಾದ ಮಾಡುತ್ತಿದ್ದರು. ಪಟ್ಟಣದಿಂದ ಪೊಲೀಸ್ ವ್ಯಾನು ಬರುವಷ್ಟರಲ್ಲಿ ಫಿಲಿಡಾಳ ಮೇಲೆ ಕಲ್ಲು ಹೇರಿ ಆಗಿತ್ತು. ಸುತ್ತಲಿನ ಗುಳಿಗಳಲ್ಲೂ ಕೆಲವು ಮುಚ್ಚಿದ್ದವು. ಕಂಬದ ಬುಡದಲ್ಲಿ ಒಳಗಿನ ಕಾಂಕ್ರೀಟು ಬೆತ್ತಲೆಯಾಗಿ ನಿಂತಿತ್ತು. ವ್ಯಾನಿನಲ್ಲಿ ಜಾಗ ಇದ್ದಷ್ಟು ಹೆಂಗಸರನ್ನು ತುಂಬಿದರು. ಜಾಗ ಸಾಲದೆ ಉಳಿದವರು ಹಿಂದೆ ನಡೆದುಕೊಂಡು ಹೋದರು.

ಬಿಷಪ್ ಮರುದಿನವೇ ಹೊರಟುಹೋದರು. ಸಮಿತಿ ಬುಡಕ್ಕೆ ಸಿಮೆಂಟು ಸುರಿಸಿತು. ಕಪ್ಪುಕಲ್ಲು ಈಗಲೂ ಅಲ್ಲೇ ಇದೆ, ಅದರ ಮೇಲೆ ೧೮೦೯ ಇದೆ, ಖಾಲಿ ಕಣಿವೆಯೂ ಇದೆ. ಕೇಪ್‌ಟೌನಿನಿಂದ ಬರುವ ಪ್ರವಾಸಿಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಸ್ತಿ ಹಾಳು ಮಾಡಿದರೆಂದು ಹೆಂಗಸರ ಮೇಲೆ ಕೇಸು ಹಾಕಿ ಜಾಮೀನಿನ ಮೇಲೆ ಬಿಟ್ಟರು. ನೆಲ ಹಂಚುವ ಸರ್ಕಾರದವರು ಬಂದರು. ಗುಡ್ಡ ಹತ್ತಿ, ಹೊಸ ಗೋರಿಯನ್ನೂ ಕೆದಕಿದ ಹಳೆಯ ಗೋರಿಗಳನ್ನೂ ನೋಡಿ, ಇವು ೧೮೦೯ಕ್ಕಿಂತ ಹಳೆಯವೋ ಎಂದು ಗೊತ್ತಾಗುವವರೆಗೆ ಹಂಚಿಕೆ ನಿಲ್ಲಲಿ ಎಂದು ಹೇಳಿ ಹೋದರು. ಕೆಳಬೀದಿಯವರು ಡೋರ್ಕಾಸಳಿಗೆ ಶಾಪ ಹಾಕಿದರು. ಅಂಗಡಿಯಲ್ಲಿ ಅವಳಿಗೆ ಎಲ್ಲರ ನಂತರ ಸಾಮಾನು ಕೊಟ್ಟರು.

ಚರ್ಚಿನಿಂದ ಇಬ್ಬರು ಹಿರಿಯರು ಅವಳ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಹೇಳಿದರು. ಇನ್ನು ಚರ್ಚಿನಲ್ಲಿ ಅವಳಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವಿಲ್ಲ. ವರ್ಷ ಮುಗಿಯುವುದರೊಳಗೆ ಮನೆ ಬಿಡಬೇಕು. ಅವಳು ಒಲೆಯ ಮುಂದೆ ಈರುಳ್ಳಿ ಹೆಚ್ಚುತ್ತಿದ್ದಳು.

“ಮುಗೀತಾ?” ಎಂದಳು.

ಮುಗಿಯಿತು ಎಂದರು.

“ಹಂಗಾದ್ರೆ ಸರೀರಿ. ಬಾಗಿಲಿಗೆ ಅಡ್ಡ ನಿಂತಿದೀರಿ, ಬೆಳಕು ಬರ್ತಿಲ್ಲ.”

ವರ್ಷ ಮುಗಿಯಿತು. ಅವಳು ಬಿಡಲಿಲ್ಲ. ಬಿಡಿಸಲು ಯಾರೂ ಬರಲಿಲ್ಲ. ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಇಸಾಕ್ ಬ್ಯಾಂಡಿಗೆ ಹೋಗುವುದನ್ನು ನಿಲ್ಲಿಸಿದ. ಕೊಂಬನ್ನು ಹಿಂದಿರುಗಿಸಿ ಬಂದ. ಒಂದೇ ಸೂರಿನಡಿ ಇದ್ದರೂ ಡೋರ್ಕಾಸ್ ಅವನ ತಟ್ಟೆಗೆ ಬಡಿಸುತ್ತಿರಲಿಲ್ಲ. ಅವನೇ ಹಾಕಿಕೊಂಡು ಮೂಲೆಯಲ್ಲಿ ಕೂತು ತಿನ್ನುತ್ತಿದ್ದ.

ಚಳಿಗಾಲದಲ್ಲಿ ವಿಲ್ಲೆಮ್ ಬೂಸಾಕ್ ತೀರಿಕೊಂಡ. ಜುಬಿಲಿಯ ದಿನ ಬಾಗಿಲು ಹಾಕಿಕೊಂಡು ಕೂತಿದ್ದ ಅವನ ಇಬ್ಬರು ಗಂಡುಮಕ್ಕಳು ಮಳೆಯಲ್ಲಿ ನೆನೆಯುತ್ತ ಬಂದರು. ಪಾದ್ರಿಮನೆಗೆ ಹೋಗಲಿಲ್ಲ. ಮೇಷ್ಟ್ರ ಹತ್ತಿರ ಸ್ಮಶಾನದ ಬೀಗದ ಕೈ ಕೇಳಲಿಲ್ಲ. ಡೋರ್ಕಾಸಳ ಬಾಗಿಲಿಗೆ ಬಂದು, ತಲೆ ತಗ್ಗಿಸಿ, “ತಾಂತ್, ಎಲ್ಲಿ ಅಗೀಬೇಕು, ತೋರಿಸಿ,” ಎಂದರು.

ಅವಳು ಶಾಲು ಹೊದ್ದು ಎದ್ದಳು. ಮೂಲೆಯಲ್ಲಿ ಕೂತಿದ್ದ ಇಸಾಕ್ ಅವಳಿಗಿಂತ ಮೊದಲೇ ಹೊರಗೆ ಬಂದು, ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಗುಡ್ಡದ ಕಡೆ ನಡೆದ.

ಡೋರ್ಕಾಸ್ ಅವನನ್ನು ಕ್ಷಮಿಸಿರಲಿಲ್ಲ. ಆದರೆ ಮೇಲೆ ಹೋಗಿ ಜಾಗ ತೋರಿಸಿದಳು. ಅವನು ಅಗೆದ. ಅವಳು ಮಳೆಯಲ್ಲಿ ನಿಂತು ನೋಡಿದಳು. ಆಳ ಸಾಲದು, ಇನ್ನೂ ಅಗೆ ಎಂದಳು.